ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಕೊನೇ ಸ್ಥಾನಕ್ಕೆ ಬಿದ್ದ ತಂಡ ಅದರ ಚಾಂಪಿಯನ್ ಟ್ರೋಫಿ ಸ್ಟ್ಯಾನ್ಲಿ ಕಪ್ ಗೆಲ್ಲೋಕೆ ಆಗುತ್ತಾ?

ಖಂಡಿತ ಆಗುತ್ತೆ. 2019ರಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ಗೆದ್ದು ತೋರಿಸಿತು. ಜನವರಿ 3ರ ಬೆಳಿಗ್ಗೆ ಎನ್‌ಎಚ್‌ಎಲ್‌ನ 31 ತಂಡಗಳಲ್ಲಿ ಅವರೇ ಕಟ್ಟಕಡೆ.

ಸೀಸನ್ ಉದ್ದ ಇದೆ, ಅದೇ ಕಾರಣ. ಆಗ ಒಂದೊಂದು ತಂಡಕ್ಕೂ 82 ಪಂದ್ಯ ಇತ್ತು. ಗೆದ್ದರೆ 2 ಅಂಕ, ಹೆಚ್ಚುವರಿ ಸಮಯದಲ್ಲಿ ಸೋತರೂ 1 ಅಂಕ. ಚೇತರಿಸಿಕೊಳ್ಳೋಕೆ ಟೈಮ್ ಸಿಗುತ್ತೆ. ಬ್ಲೂಸ್‌ಗೆ ಸಿಕ್ಕಿದ್ದು ಹೊಸ ಗೋಲಿ (ಗೋಲ್‌ಕೀಪರ್) ಜೋರ್ಡನ್ ಬಿನ್ನಿಂಗ್ಟನ್. ಜನವರಿ 7ರಂದು ಮೊದಲ ಸಲ ಆರಂಭದಿಂದ ಆಡಿದವನು ಒಂದೂ ಗೋಲು ಬಿಡಲಿಲ್ಲ.

ಆಮೇಲೆ ಕಪ್‌ಗಾಗಿ ನಡೆಯೋ ನಾಕೌಟ್ ಹಂತ, ಅಂದರೆ ಪ್ಲೇಆಫ್‌ಗೆ 16 ತಂಡ. ನಾಲ್ಕು ಸುತ್ತು, ಪ್ರತಿ ಸುತ್ತಲ್ಲೂ ಮೊದಲು 4 ಪಂದ್ಯ ಗೆದ್ದವರು ಮುಂದಕ್ಕೆ. ಪಂದ್ಯ ಸಮ ಆದರೆ ಇಲ್ಲಿ ಶೂಟೌಟ್ (ಒಬ್ಬೊಬ್ಬರಾಗಿ ಗೋಲಿಗೆ ಎದುರಾಗಿ ಹೊಡೆಯೋದು) ಇಲ್ಲ, ಗೋಲು ಬೀಳುವವರೆಗೂ ಆಡಲೇಬೇಕು. ಡಲ್ಲಾಸ್ ತಂಡದ ವಿರುದ್ಧ ಬ್ಲೂಸ್‌ನ ಏಳನೇ ಪಂದ್ಯ ಎರಡನೇ ಹೆಚ್ಚುವರಿ ಅವಧಿಗೆ ಹೋಯ್ತು. ಪಕ್ (ಚೆಂಡಿನ ಬದಲು ಬಳಸೋ ರಬ್ಬರ್ ಬಿಲ್ಲೆ) ಗೋಲ್ ಕಂಬಕ್ಕೆ ಬಡಿದು ಡಲ್ಲಾಸ್ ಗೋಲಿಯ ಬೆನ್ನ ಹಿಂದೆ ಬಿತ್ತು. ಸೇಂಟ್ ಲೂಯಿಸ್‌ನಲ್ಲೇ ಹುಟ್ಟಿದ ಪ್ಯಾಟ್ ಮರೂನ್ ಅದನ್ನು ಒಳಗೆ ತಳ್ಳಿಬಿಟ್ಟ! ಈಗಲೂ ನೋಡಿದರೆ ಮೈ ಜುಮ್ಮೆನ್ನುತ್ತೆ.

ಜೂನ್ 12ರಂದು ಬಾಸ್ಟನ್‌ನಲ್ಲಿ, ಫೈನಲ್‌ನ ಏಳನೇ ಪಂದ್ಯದಲ್ಲಿ 4-1. 1967ರಿಂದ ಆಡುತ್ತಿದ್ದ ತಂಡಕ್ಕೆ ಅದೇ ಮೊದಲ ಕಪ್.