ಚಾಪೆ ಮೇಲಿಂದ ಏಳುವುದು

ರತ್ನಮ್ಮ ಅಂತ ಕರೆಯೋಣ. ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರು ಒಪ್ಪಿದ್ದಾರೆ. ವಯಸ್ಸು 54. ಕೋಲಾರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಸೊಸೆ. "ಅತ್ತೆ ಆರು ತಿಂಗಳಿಂದ ಯಾವ ಫಂಕ್ಷನ್ನಿಗೂ ಬರ್ತಿಲ್ಲ ಮೇಡಂ. ಕರೆಯೋಕೆ ಬಂದವರ ಮುಂದೆ ತಲೆನೋವು ಅಂತ ಮಲಗಿಬಿಡ್ತಾರೆ. ಡಿಪ್ರೆಶನ್ ಇರಬಹುದಾ?" ಅಂದರು.

ನಿದ್ದೆ, ಊಟ, ಕೆಲಸದ ಮೇಲಿನ ಮನಸ್ಸು ಎಲ್ಲ ವಿಚಾರಿಸಿದೆ. ಚೆನ್ನಾಗೇ ಇತ್ತು. ಸೊಸೆಯನ್ನು ಹೊರಗೆ ಕೂರಲು ಹೇಳಿ, "ಅಕ್ಕಾ, ಕೊನೆಗೆ ಹೋದ ಫಂಕ್ಷನ್ ಯಾವುದು?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಸುತ್ತಾ ಕೂತರು.

ಮುಳಬಾಗಿಲು ಕಡೆ ಒಂದು ಗೃಹಪ್ರವೇಶ. ಸತ್ಯನಾರಾಯಣ ಪೂಜೆಗೆ ಚಾಪೆ ಮೇಲೆ ಕೂತಿದ್ದರಂತೆ. ಮಂಗಳಾರತಿಗೆ ಎಲ್ಲರೂ ಎದ್ದರು. ಇವರಿಗೆ ಏಳಲಾಗಲಿಲ್ಲ. ಇಬ್ಬರು ಹುಡುಗರು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಸೆರಗು ಜಾರಿತು. ಹಿಂದಿನಿಂದ ಯಾರೋ ನಕ್ಕರು. "ಮೂಟೆ ಎತ್ತಿದ ಹಾಗೆ ಎತ್ತಿದ್ರು ಮೇಡಂ" ಅನ್ನುವಾಗ ಗಂಟಲು ಕಟ್ಟಿತು.

ಆ ದಿನ ಪೂರ್ತಿ ಅವರ ಮಾತು ಕೇಳುವುದಕ್ಕೇ ಕೊಟ್ಟೆ. ಆರು ತಿಂಗಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಆದರೆ ಬರೀ ಮಾತಿನಿಂದ ಇದು ಮುಗಿಯುವುದಿಲ್ಲ ಅನ್ನಿಸಿತು. ಮುಂದಿನ ಪೂಜೆಯಲ್ಲೂ ಚಾಪೆ ಹಾಸಿರುತ್ತಾರೆ. ಅದರ ಮೇಲಿಂದ ಏಳುವುದು ಬರಬೇಕು.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಮೊಣಕಾಲಲ್ಲಿ ಸ್ವಲ್ಪ ಸವೆತ ಇದೆ, ಬಿಪಿ ಹತೋಟಿಯಲ್ಲಿದೆ, ವ್ಯಾಯಾಮ ಮಾಡಬಹುದು ಅಂದರಂತೆ. ಎರಡನೇ ಸಲ ಬಂದಾಗ ರತ್ನಮ್ಮ ವಾದಕ್ಕೇ ನಿಂತರು. "ಬೆಳಿಗ್ಗೆಯಿಂದ ಮನೆಗೆಲಸ, ಆಮೇಲೆ ಮೆಷಿನ್ ತುಳಿಯೋದು. ಇನ್ನೇನು ವ್ಯಾಯಾಮ ಬೇಕು ನನಗೆ?"

ಈ ಮಾತನ್ನು ಎಷ್ಟು ಹೆಂಗಸರಿಂದ ಕೇಳಿದ್ದೇನೋ. ಅದರಲ್ಲಿ ನಿಜವೂ ಇದೆ. ಮನೆಗೆಲಸವೂ ಮೈ ಅಲ್ಲಾಡಿಸುವ ಕೆಲಸವೇ, ಅದನ್ನು ಲೆಕ್ಕಕ್ಕಿಲ್ಲ ಅನ್ನಬಾರದು. ಆದರೆ ದೇಹ ಯಾವ ಕೆಲಸ ಮಾಡುತ್ತದೋ ಅದಕ್ಕೆ ಮಾತ್ರ ಪಳಗುತ್ತದೆ. ಮೆಷಿನ್ ತುಳಿದರೆ ಪಾದ, ಮೀನಖಂಡ ಪಳಗುತ್ತವೆ. ನೆಲದಿಂದ ಏಳಲು ಬೇಕಾದದ್ದು ತೊಡೆ ಮತ್ತು ಸೊಂಟದ ಹಿಂಭಾಗದ ಬಲ. ಗ್ಯಾಸ್ ಕಟ್ಟೆ, ಮಂಚ, ಕುರ್ಚಿ ಬಂದ ಮೇಲೆ ಆ ಸ್ನಾಯುಗಳಿಗೆ ಕೆಲಸವೇ ಇಲ್ಲ. ಮೂವತ್ತು ದಾಟಿದ ಮೇಲೆ ಬಳಸದ ಸ್ನಾಯು ನಿಧಾನವಾಗಿ ಸೊರಗುತ್ತದೆ. "ನೀವು ಕೊನೆಗೆ ನೆಲದ ಮೇಲೆ ಕೂತು ಊಟ ಮಾಡಿದ್ದು ಯಾವಾಗ ಅಕ್ಕ?" ಅಂದೆ. ನೆನಪಾಗಲಿಲ್ಲ.

ಇನ್ನೊಂದು ವಿಷಯವೂ ಹೊರಬಂತು. ಪಕ್ಕದ ಮನೆಯವರ ಜೊತೆ ಒಂದು ದಿನ ಸ್ಟೇಡಿಯಂಗೆ ವಾಕಿಂಗ್ ಹೋಗಿದ್ದರು. ಮೊದಲ ದಿನವೇ ಆರು ರೌಂಡ್. ಮಾರನೇ ದಿನಕ್ಕಿಂತ ಅದರ ಮಾರನೇ ದಿನ ನೋವು ಜಾಸ್ತಿಯಾಯಿತು. "ನನಗೆ ಆಗಿಬರಲ್ಲ" ಅಂತ ಬಿಟ್ಟರು. ಹೊಸ ಕೆಲಸ ಮಾಡಿದ ಸ್ನಾಯು ಹಾಗೆಯೇ ಒಂದೆರಡು ದಿನ ಬಿಟ್ಟು ನೋಯುತ್ತದೆ, ಅದು ಕಾಯಿಲೆ ಅಲ್ಲ. ಇವರ ದೇಹದಲ್ಲಿ ಕೊರತೆ ಏನೂ ಇರಲಿಲ್ಲ. ಶುರು ಮಾಡಿದ ಅಳತೆ ದೊಡ್ಡದಾಗಿತ್ತು, ಅಷ್ಟೇ.

ಹಾಗಾಗಿ ತೀರಾ ಚಿಕ್ಕದರಿಂದ ಶುರು ಮಾಡಿಸಿದೆ. ಗೋಡೆಗೆ ಒತ್ತಿ ಇಟ್ಟ ಕುರ್ಚಿ, ಅದರ ಮೇಲೆ ಎರಡು ಮಡಿಸಿದ ಕಂಬಳಿ. ಪಾದ ನೆಲಕ್ಕೆ ಊರಿ, ಎದೆ ಮುಂದೆ ಬಾಗಿಸಿ, ಕೈ ಊರದೆ ಎದ್ದು ನಿಲ್ಲುವುದು, ಧಪ್ಪನೆ ಬೀಳದೆ ನಿಧಾನವಾಗಿ ಕೂರುವುದು. ಎಂಟು ಸಲ, ಸ್ವಲ್ಪ ಸುಧಾರಿಸಿಕೊಂಡು ಇನ್ನೆಂಟು ಸಲ. ವಾರಕ್ಕೆ ಮೂರೇ ದಿನ. ಮಧ್ಯದ ದಿನ ಬಿಡುವು ಕಡ್ಡಾಯ, ಯಾಕೆಂದರೆ ಸ್ನಾಯು ಗಟ್ಟಿಯಾಗುವುದು ಬಿಡುವಿನಲ್ಲೇ. ಸುಲಭ ಅನ್ನಿಸಿದಾಗ ಒಂದು ಕಂಬಳಿ ತೆಗೆಯಬೇಕು. ಆಮೇಲೆ ಇನ್ನೊಂದು. ಆಮೇಲೆ ಗಿಡ್ಡ ಸ್ಟೂಲ್. ಕೊನೆಗೆ ಮಣೆ. ಚುಚ್ಚುವ ನೋವು ಬಂದರೆ, ಮೊಣಕಾಲು ಊದಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಬಿಡುವಿನ ದಿನ ಬೀದಿಯಲ್ಲೇ ಹತ್ತು ನಿಮಿಷ ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ 150 ಅನ್ನುವ ಅಂಕಿ ಅವರಿಗೆ ಆಗಲೇ ಹೇಳಲಿಲ್ಲ. ಆರು ರೌಂಡಿನ ಹೆದರಿಕೆ ಇನ್ನೂ ಹೋಗಿರಲಿಲ್ಲ.

ಬಲದಷ್ಟೇ ಮುಖ್ಯವಾದ ಇನ್ನೊಂದು ಇದೆ, ಏಳುವ ವಿದ್ಯೆ. ನನ್ನ ಕೋಣೆಯಲ್ಲಿ ಚಾಪೆ ಹಾಸಿ, "ನೀವು ಹೇಗೆ ಏಳ್ತೀರಿ ತೋರಿಸಿ" ಅಂದೆ. ಚಕ್ಕಂಬಕ್ಕಲು ಹಾಕಿ ಕೂತವರು ಎರಡೂ ಕೈ ಮೇಲೆ ಚಾಚಿ, ಯಾರಾದರೂ ಎಳೆಯಲಿ ಅನ್ನುವಂತೆ ಕಾದರು. ಅವರಿಗೇ ಗೊತ್ತಾಗದ ಹಾಗೆ ಅದು ರೂಢಿಯಾಗಿಬಿಟ್ಟಿತ್ತು. ನಾನೂ ಕೂತು ಮಾಡಿ ತೋರಿಸಿದೆ. ಮೊದಲು ಒಂದು ಪಕ್ಕಕ್ಕೆ ತಿರುಗಿ ಅಂಗೈ ಊರಬೇಕು. ಮಗುವಿನ ಹಾಗೆ ಅಂಬೆಗಾಲಿಗೆ ಬರಬೇಕು. ಒಂದು ಪಾದ ಮುಂದೆ ತಂದು ಊರಿ, ಅದೇ ತೊಡೆಯ ಮೇಲೆ ಎರಡೂ ಕೈ ಇಟ್ಟು ಒತ್ತಿ ಏಳಬೇಕು. ನೋವಿರುವ ಮೊಣಕಾಲಿನ ಕೆಳಗೆ ಮಡಿಸಿದ ಟವೆಲ್. ಅಂಬೆಗಾಲಿಗೆ ಬಂದಾಗ ಅವರಿಗೆ ನಗು ಬಂತು. "ಮೊಮ್ಮಗ ಹೀಗೇ ಏಳೋದು!" ಅಂದರು. ಮೊದಲು ಸ್ಟೂಲ್ ಹಿಡಿದು ಎದ್ದರು. ನಾಲ್ಕನೇ ಸಲಕ್ಕೆ ಸ್ಟೂಲ್ ಬರೀ ಮುಟ್ಟಿದರು.

ಮನೆಯಲ್ಲಿ ಮಾಡಿದ ದಿನವೆಲ್ಲ ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಮೆಷಿನ್ ಟೇಬಲ್ಲಿನ ಪಕ್ಕದಲ್ಲಿ ಒಂದು ಗೆರೆ ಎಳೆದರಂತೆ. ಮೂರನೇ ವಾರಕ್ಕೇ ಏಳುವುದು ಹಗುರವಾಯಿತು. ಇಷ್ಟು ಬೇಗ ಸ್ನಾಯು ದಪ್ಪವಾಗುವುದಿಲ್ಲ. ಇರುವ ಸ್ನಾಯುವನ್ನು ನರಗಳು ಚೆನ್ನಾಗಿ ಬಳಸುವುದನ್ನು ಕಲಿಯುತ್ತವೆ. ಇದನ್ನು ಹೇಳಿದಾಗ ಅವರಿಗೆ ತುಂಬಾ ಸಮಾಧಾನವಾಯಿತು. ಮಧ್ಯದಲ್ಲಿ ಜ್ವರ ಬಂದು ಒಂದು ವಾರ ತಪ್ಪಿತು. ಒಂದು ಕಂಬಳಿ ವಾಪಸ್ ಹಾಕಿಕೊಂಡು ಶುರು ಮಾಡಿ ಅಂದೆ.

ಹನ್ನೊಂದನೇ ವಾರ ಬಂದವರು ನಾನು ಹೇಳುವ ಮೊದಲೇ ಚಾಪೆ ಹಾಸಿಕೊಂಡು ಕೂತರು. ಎಡಗಾಲು ಮುಂದೆ ಊರಿ ಎದ್ದು ನಿಂತರು. ಬಲಗಾಲಿನಲ್ಲಿ ಏಳುವುದು ಇನ್ನೂ ಕಷ್ಟವೇ.

ಕಾರ್ತಿಕ ಸೋಮವಾರ ಕೋಲಾರದ ಬೆಟ್ಟದ ಮೇಲಿರುವ ಅಂತರಗಂಗೆಗೆ ಹೋಗಬೇಕಂತೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ತಲೆಗೆ ಹಾಕಿಕೊಂಡು ವರ್ಷಗಳಾದವು ಅಂದರು. ಹತ್ತುವಾಗ ಉಸಿರು ಕಟ್ಟುತ್ತದೆ, ಆದರೆ ತೊಡೆಗೂ ಮೊಣಕಾಲಿಗೂ ಜಾಸ್ತಿ ಪೆಟ್ಟು ಇಳಿಯುವಾಗಲೇ. ಅದಕ್ಕೆ ಮನೆಯ ಮಹಡಿ ಮೆಟ್ಟಿಲನ್ನು ಗೋಡೆ ಹಿಡಿದು ನಿಧಾನವಾಗಿ ಇಳಿಯುವ ಅಭ್ಯಾಸ ಕೊಟ್ಟಿದ್ದೇನೆ, ದಿನ ಬಿಟ್ಟು ದಿನ. ಅದಕ್ಕೂ ಮೊದಲು ತಂಗಿಯ ಮೊಮ್ಮಗುವಿನ ನಾಮಕರಣ ಇದೆ. ಹೋಗ್ತೀರಾ ಅಂತ ಕೇಳಿದೆ. "ಸೀರೆಗೆ ಫಾಲ್ಸ್ ಹೊಲಿದಾಗಿದೆ ಮೇಡಂ" ಅಂದರು.