ಸುತ್ತಲೂ ಗ್ರಾನೈಟ್ ಇದ್ದರೂ ಅದಿರು ಕೆಲವೆಡೆ ಮಾತ್ರ ಏಕೆ?

ಪ್ರಶ್ನೆ: ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಬಳಿ ಇದೆ. ಹತ್ತಿರದ ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಲೋಹದ ಅದಿರು) ಗಣಿಯ ಹೆಸರನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಭೂಮಿಯ ಆಳದಲ್ಲಿ ಕರಗಿದ ಶಿಲೆ ಮೇಲಕ್ಕೆ ಬಾರದೆ ಅಲ್ಲಿಯೇ ತಣಿದು ಗಟ್ಟಿಯಾದಾಗ ಅದರೊಳಗೂ ಅದರ ಸುತ್ತಲೂ ಲೋಹದ ಅದಿರು ಸೇರುತ್ತದೆ ಎಂದು ಓದಿದ್ದೇನೆ. ರಾಮನಗರದಿಂದ ಬಳ್ಳಾರಿಯ ಕಡೆಗೆ ಹಬ್ಬಿರುವ ಗ್ರಾನೈಟ್ ಸಹ ಹಾಗೆಯೇ ಹುಟ್ಟಿದ್ದಲ್ಲವೇ? ಅಲ್ಲಿ ಕಲ್ಲಿನ ಕ್ವಾರಿಗಳನ್ನು ಬಿಟ್ಟರೆ ಲೋಹದ ಗಣಿಗಳು ಏಕಿಲ್ಲ?

ಉತ್ತರ: ಯಾವ ಶಿಲೆಯೂ ಲೋಹಗಳಿಂದ ಪೂರ್ತಿ ಬರಿದಾಗಿರುವುದಿಲ್ಲ. ಭೂಮಿಯ ಹೊರಪದರದ ಶಿಲೆಗಳನ್ನೆಲ್ಲ ಸರಾಸರಿ ಹಿಡಿದರೆ ಒಂದು ಟನ್ನಿನಲ್ಲಿ ಸುಮಾರು 30 ಗ್ರಾಂ ತಾಮ್ರ ಇರುತ್ತದೆ. ಆದರೆ ತಾಮ್ರದ ಗಣಿಯನ್ನು ಲಾಭದಲ್ಲಿ ನಡೆಸಬೇಕಾದರೆ ಟನ್ನಿಗೆ ನಾಲ್ಕೈದು ಕಿಲೋ ಆದರೂ ಬೇಕು, ಅಂದರೆ ಪ್ರಕೃತಿಯೇ ಅದನ್ನು 150 ಪಟ್ಟಿನಷ್ಟು ಸಾಂದ್ರಗೊಳಿಸಿರಬೇಕು. ಪ್ಲಾಟಿನಂನಂತಹ ಲೋಹಕ್ಕೆ ಈ ಲೆಕ್ಕ ಸಾವಿರಾರು ಪಟ್ಟಿಗೆ ಏರುತ್ತದೆ. ಹೀಗಾಗಿ ಒಂದು ಶಿಲಾಪಾಕದಲ್ಲಿ, ಅಂದರೆ ನೀವು ಹೇಳಿದ ಕರಗಿದ ಶಿಲೆಯಲ್ಲಿ, ಲೋಹ ಎಷ್ಟಿತ್ತು ಎಂಬುದಕ್ಕಿಂತ, ಅದನ್ನು ಉಳಿದ ದ್ರವ್ಯದಿಂದ ಬೇರ್ಪಡಿಸಿ ಒಂದೆಡೆ ಕೂಡಿಸುವ ವ್ಯವಸ್ಥೆ ಅಲ್ಲಿ ಒದಗಿತೇ ಎಂಬುದೇ ಮುಖ್ಯವಾದ ಪ್ರಶ್ನೆ. ಅಂತಹ ವ್ಯವಸ್ಥೆಗಳು ಮುಖ್ಯವಾಗಿ ಮೂರು: ಮೊದಲೇ ಹರಳುಗಟ್ಟುವ ಭಾರದ ಖನಿಜಗಳು, ಶಿಲಾಪಾಕದೊಡನೆ ಬೆರೆಯಲೊಲ್ಲದ ಗಂಧಕಯುಕ್ತ ದ್ರವ, ಮತ್ತು ಶಿಲಾಪಾಕದಿಂದ ಹೊರಬೀಳುವ ಬಿಸಿನೀರು. ನಿಮ್ಮ ಊರಿನ ಕ್ರೋಮೈಟ್ ಮೊದಲನೆಯ ಬಗೆಗೆ ಸೇರಿದ್ದು.

ನುಗ್ಗೇಹಳ್ಳಿ ಶಿಸ್ಟ್ ಪಟ್ಟಿಯ (ಶಾಖ-ಒತ್ತಡಗಳಿಂದ ಮಾರ್ಪಟ್ಟ ಹಳೆಯ ಶಿಲೆಗಳ ನೀಳ ಹರವು) ಕರಿ-ಹಸಿರು ಶಿಲೆಗಳು ಸುಮಾರು 310 ಕೋಟಿ ವರ್ಷಗಳ ಹಿಂದೆ ಹೊರಪದರದ ಕೆಳಗಿನ ಮ್ಯಾಂಟಲಿನಿಂದ ಮೇಲೇರಿದ, ಮೆಗ್ನೀಸಿಯಂ ಹೆಚ್ಚಾಗಿದ್ದ ಶಿಲಾಪಾಕದಿಂದ ಆದವು. ಅಂತಹ ಶಿಲಾಪಾಕ ತಣಿಯುವಾಗ ಮೊದಲು ಹರಳುಗಟ್ಟುವ ಖನಿಜಗಳಲ್ಲಿ ಆಲಿವೀನ್ ಮತ್ತು ಕ್ರೋಮೈಟ್ ಸೇರಿವೆ. ಕ್ರೋಮೈಟ್ ಭಾರದ ಖನಿಜವಾದ್ದರಿಂದ ತಳಕ್ಕೆ ಇಳಿದು ಪದರಗಟ್ಟಿತು ಎಂಬ ವಿವರಣೆಯನ್ನು ಹಳೆಯ ಪಠ್ಯಪುಸ್ತಕಗಳಲ್ಲಿ ಕಾಣಬಹುದು. ಅದು ಅರ್ಧ ಮಾತ್ರ ಸರಿ. ಸಾಮಾನ್ಯ ಸ್ಥಿತಿಯಲ್ಲಿ ಹರಳುಗಟ್ಟುವ ದ್ರವ್ಯದಲ್ಲಿ ಕ್ರೋಮೈಟಿನ ಪಾಲು ಶೇ 1 ಅಥವಾ 2ರಷ್ಟೇ ಇದ್ದು ಉಳಿದದ್ದೆಲ್ಲ ಆಲಿವೀನ್ ಆಗಿರುವಾಗ, ಹೆಚ್ಚುಕಡಿಮೆ ಶುದ್ಧ ಕ್ರೋಮೈಟಿನದೇ ಆದ ಪದರ ಹೇಗೆ ಉಂಟಾಯಿತು ಎಂಬುದನ್ನು ಅದು ಹೇಳುವುದಿಲ್ಲ.

ಈ ಒಗಟನ್ನು ಬಹಳ ಮಟ್ಟಿಗೆ ಅಧ್ಯಯನ ಮಾಡಿರುವುದು ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್ ಶಿಲಾಸಂಕೀರ್ಣದಲ್ಲಿ. ಸುಮಾರು 205 ಕೋಟಿ ವರ್ಷಗಳ ಹಿಂದಿನ ಈ ಶಿಲಾರಾಶಿ ಏಳೆಂಟು ಕಿಲೋಮೀಟರ್ ದಪ್ಪವಿದ್ದು, ಹಾಸನ ಜಿಲ್ಲೆಯಂತಹ ಹಲವು ಜಿಲ್ಲೆಗಳು ಅದರ ಹರವಿನೊಳಗೆ ಹಿಡಿಸುತ್ತವೆ. ಅಲ್ಲಿನ ಕೆಲವು ಕ್ರೋಮೈಟ್ ಪದರಗಳು ಒಂದು ಮೀಟರಿನ ಆಸುಪಾಸಿನ ದಪ್ಪದಲ್ಲಿಯೇ ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತವೆ. 1970ರ ದಶಕದಲ್ಲಿ ಇರ್ವಿನ್ ಎಂಬ ಭೂವಿಜ್ಞಾನಿ ಮುಂದಿಟ್ಟ ವಿವರಣೆಯ ಪ್ರಕಾರ, ಅರ್ಧ ತಣಿದು ಆಲಿವೀನ್ ಕಳೆದುಕೊಂಡಿದ್ದ ಶಿಲಾಪಾಕಕ್ಕೆ ಕೆಳಗಿನಿಂದ ಹೊಸ ಶಿಲಾಪಾಕ ಬಂದು ಬೆರೆತಾಗ, ಅಥವಾ ಸುತ್ತಲಿನ ಸಿಲಿಕಾಭರಿತ ಶಿಲೆ ಕರಗಿ ಅದರಲ್ಲಿ ಸೇರಿದಾಗ, ಮಿಶ್ರಣದ ಸಂಯೋಜನೆ ಸ್ವಲ್ಪ ಕಾಲ ಕ್ರೋಮೈಟ್ ಒಂದೇ ಹರಳುಗಟ್ಟುವ ಸ್ಥಿತಿಗೆ ಜರುಗುತ್ತದೆ. ಇಂದಿಗೂ ಹೆಚ್ಚಿನವರು ಇದನ್ನೇ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಆದರೆ ಶಿಲಾಪಾಕದಲ್ಲಿ ಕರಗಿರುವ ಕ್ರೋಮಿಯಂ ಅಷ್ಟು ಕಡಿಮೆಯಾದ್ದರಿಂದ ಒಂದು ಮೀಟರ್ ಪದರಕ್ಕೆ ನೂರಾರು ಮೀಟರ್ ದಪ್ಪದ ಶಿಲಾಪಾಕ ಬೇಕಾಗುತ್ತದೆ. ಕ್ರೋಮಿಯಂ ಕೊಟ್ಟ ಆ ದ್ರವವೆಲ್ಲ ಎಲ್ಲಿಗೆ ಹೋಯಿತು, ಹರಳುಗಳು ಆಳದ ಇನ್ನೊಂದು ಕುಹರದಲ್ಲಿ ಹುಟ್ಟಿ ಕೆಸರಿನಂತೆ ಹರಿದು ಬಂದವೇ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಒಂದೇ ವಿವರಣೆ ಎಲ್ಲ ಪದರಗಳಿಗೂ ಹೊಂದಬೇಕೆಂಬ ಹಟವೇ ಈ ಚರ್ಚೆಯನ್ನು ಅನಗತ್ಯವಾಗಿ ಬೆಳೆಸಿದೆ.

ನುಗ್ಗೇಹಳ್ಳಿ ಪಟ್ಟಿಯಲ್ಲಿ ಬುಷ್‌ವೆಲ್ಡಿನ ಅಚ್ಚುಕಟ್ಟಾದ ಪದರಗಳು ನಿಮಗೆ ಕಾಣುವುದಿಲ್ಲ. ಆನಂತರದ ಭೂಚಲನೆಗಳಲ್ಲಿ ಇಲ್ಲಿಯ ಪದರಗಳು ಮಡಿಸಿಕೊಂಡು, ಕಡಿದಾಗಿ ನಿಂತು, ತುಂಡಾಗಿ, ಉದ್ದನೆಯ ಗೆಡ್ಡೆಗಳ ರೂಪಕ್ಕೆ ಬಂದಿವೆ. ಆಲಿವೀನ್ ಬಹುಮಟ್ಟಿಗೆ ಸರ್ಪೆಂಟೀನ್ ಎಂಬ ಬೇರೆ ಖನಿಜವಾಗಿ ಮಾರ್ಪಟ್ಟಿದೆ. ಬೈರಾಪುರದಲ್ಲಿ ಅದಿರನ್ನು ಹಿಂಬಾಲಿಸಿ ನೆಲದಾಳಕ್ಕೆ ಇಳಿಯಬೇಕಾಗಿ ಬಂದದ್ದು ಈ ಕಾರಣಕ್ಕೇ. ಆದರೂ ಮೂಲದ ಕ್ರಮ ಪೂರ್ತಿ ಅಳಿಸಿಹೋಗಿಲ್ಲ. ಅದೇ ಪಟ್ಟಿಯ ತಗಡೂರಿನ ಸುತ್ತ ಗ್ಯಾಬ್ರೊ ಶಿಲೆಯೊಡನೆ ಟೈಟಾನಿಯಂ ಮತ್ತು ವೆನೇಡಿಯಂ ಬೆರೆತ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ದೊರೆಯುತ್ತದೆ. ಕ್ರೋಮಿಯಂ ಮೊದಲು ಹರಳುಗಟ್ಟಿ ಕೆಳಗೆ, ಕಬ್ಬಿಣ-ಟೈಟಾನಿಯಂ-ವೆನೇಡಿಯಂ ತಣಿಯುವಿಕೆಯ ಕೊನೆಯ ಘಟ್ಟದಲ್ಲಿ ಮೇಲೆ ಎಂಬ ಇದೇ ಅನುಕ್ರಮವು ಬುಷ್‌ವೆಲ್ಡಿನಲ್ಲೂ ಇದೆ. ದೇಶದ ಲೆಕ್ಕದಲ್ಲಿ ನೋಡಿದರೆ ಭಾರತದ ಕ್ರೋಮೈಟಿನ ಬಹುಪಾಲು ಒಡಿಶಾದ ಸುಕಿಂದಾ ಕಣಿವೆಯಲ್ಲಿದ್ದು, ಹಾಸನದ್ದು ಸಣ್ಣ ಪಾಲು.

ಎರಡನೆಯ ಬಗೆ ಗಂಧಕದ್ದು. ಶಿಲಾಪಾಕದಲ್ಲಿ ಕರಗಬಹುದಾದಷ್ಟಕ್ಕಿಂತ ಹೆಚ್ಚು ಗಂಧಕ ಸೇರಿದರೆ, ಕಡೆದ ಮಜ್ಜಿಗೆಯಲ್ಲಿ ಬೆಣ್ಣೆ ಬೇರೆಯಾಗುವಂತೆ ಸಲ್ಫೈಡ್ (ಗಂಧಕ ಮತ್ತು ಲೋಹದ ಸಂಯುಕ್ತ) ದ್ರವದ ಹನಿಗಳು ಬೇರ್ಪಡುತ್ತವೆ, ಆದರೆ ಇವು ತೇಲದೆ ಮುಳುಗುತ್ತವೆ. ನಿಕ್ಕಲ್, ತಾಮ್ರ, ಪ್ಲಾಟಿನಂ ಮತ್ತು ಪಲ್ಲೇಡಿಯಂ ಇಂತಹ ಹನಿಗಳಿಗೆ ಬೇಗ ಸೇರಿಕೊಳ್ಳುವುದರಿಂದ ಸಾವಿರಾರು ಪಟ್ಟಿನ ಸಾಂದ್ರೀಕರಣ ಸಾಧ್ಯವಾಗುತ್ತದೆ. ಬುಷ್‌ವೆಲ್ಡಿನಲ್ಲಿ 1924ರಲ್ಲಿ ಹಾನ್ಸ್ ಮೆರೆನ್ಸ್ಕಿ ಗುರುತಿಸಿದ, ಇಂದು ಅವನ ಹೆಸರನ್ನೇ ಹೊತ್ತಿರುವ ತೆಳುವಾದ ಪದರದಲ್ಲಿ ಟನ್ನಿಗೆ ಐದಾರು ಗ್ರಾಂನಷ್ಟು ಪ್ಲಾಟಿನಂ ಗುಂಪಿನ ಲೋಹಗಳಿವೆ. ರಷ್ಯಾದ ನೊರಿಲ್ಸ್ಕಿನಲ್ಲಿ ಸುಮಾರು 25 ಕೋಟಿ ವರ್ಷಗಳ ಹಿಂದೆ ಮೇಲೇರಿದ ಶಿಲಾಪಾಕವು ದಾರಿಯಲ್ಲಿ ಅನ್‌ಹೈಡ್ರೈಟ್ ಎಂಬ ಗಂಧಕಯುಕ್ತ ಖನಿಜದ ಪದರಗಳಿಂದ ಗಂಧಕ ಪಡೆದಿತ್ತು. ಕೆನಡಾದ ಸಡ್‌ಬರಿಯದು ಇನ್ನೂ ವಿಚಿತ್ರವಾದ ಸಂಗತಿ: 185 ಕೋಟಿ ವರ್ಷಗಳ ಹಿಂದೆ ಉಲ್ಕೆಯೊಂದು ಅಪ್ಪಳಿಸಿ ನೆಲವೇ ಕರಗಿ ಆದ ಶಿಲಾಪಾಕದ ತಳದಲ್ಲಿ ನಿಕ್ಕಲ್-ತಾಮ್ರದ ಸಲ್ಫೈಡ್ ಶೇಖರವಾಯಿತು. 1883ರಲ್ಲಿ ರೈಲು ಹಳಿ ಹಾಕುವಾಗ ಆ ಅದಿರು ಬೆಳಕಿಗೆ ಬಂತು. ನಮ್ಮಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಬಳಿ ಇಂತಹ ಪದರಶಿಲೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳ ಇರವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಗುರುತಿಸಿದೆ.

ಈಗ ನಿಮ್ಮ ಪ್ರಶ್ನೆಯ ಎರಡನೆಯ ಭಾಗ. ಗ್ರಾನೈಟ್ ಜಾತಿಯ ಶಿಲಾಪಾಕದಲ್ಲಿ ಕ್ರೋಮಿಯಂ, ನಿಕ್ಕಲ್ ತೀರ ಕಡಿಮೆ. ಅಲ್ಲಿ ಲೋಹವನ್ನು ಬೇರ್ಪಡಿಸುವ ಕೆಲಸ ನೀರಿನದು. ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಾಗರದ ಫಲಕ ಖಂಡದ ಅಡಿಗೆ ಜಾರುತ್ತಿರುವಂತಹ ಕಡೆ ಹುಟ್ಟುವ ಶಿಲಾಪಾಕದಲ್ಲಿ ತೂಕದ ಶೇ 4ರಷ್ಟು ಅಥವಾ ಅದಕ್ಕೂ ಹೆಚ್ಚು ನೀರು ಕರಗಿರುತ್ತದೆ. ಶಿಲಾಪಾಕ ನೆಲಮಟ್ಟದಿಂದ ಕೆಲವೇ ಕಿಲೋಮೀಟರ್ ಆಳಕ್ಕೆ ಏರಿದಾಗ ಒತ್ತಡ ಇಳಿದು, ಹರಳುಗಟ್ಟುವಿಕೆಯೂ ಮುಂದುವರಿದು, ಆ ನೀರು ಕ್ಲೋರಿನ್, ಗಂಧಕ ಮತ್ತು ತಾಮ್ರವನ್ನು ಹೊತ್ತು ಪ್ರತ್ಯೇಕ ದ್ರವವಾಗಿ ಹೊರಬೀಳುತ್ತದೆ. ಹೊರಬೀಳುವಾಗ ಅದರ ಗಾತ್ರ ಎಷ್ಟು ಹಿಗ್ಗುತ್ತದೆಂದರೆ, ಆಗಲೇ ಗಟ್ಟಿಯಾಗಿದ್ದ ಶಿಲೆಯ ನೆತ್ತಿಯೇ ಜಾಲಜಾಲವಾಗಿ ಬಿರಿಯುತ್ತದೆ. ಸುಮಾರು 700 ಡಿಗ್ರಿಯಿದ್ದ ದ್ರವ 300 ಡಿಗ್ರಿಯ ಕಡೆಗೆ ತಣಿಯುತ್ತ ಆ ಬಿರುಕುಗಳಲ್ಲಿ ಬೆಣಚುಕಲ್ಲನ್ನೂ ತಾಮ್ರದ ಸಲ್ಫೈಡನ್ನೂ ಬಿಟ್ಟು ಹೋಗುತ್ತದೆ. ಪಾರ್ಫಿರಿ ತಾಮ್ರ ಎಂದು ಕರೆಯುವ ಈ ನಿಕ್ಷೇಪಗಳಲ್ಲಿ ತಾಮ್ರ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ ಇದ್ದರೂ ಅದಿರಿನ ರಾಶಿ ನೂರಾರು ಕೋಟಿ ಟನ್ನಿನವರೆಗೂ ಇರಬಲ್ಲದು. ಅಮೆರಿಕದ ಯೂಟಾ ರಾಜ್ಯದ ಬಿಂಗಮ್ ಕಣಿವೆಯಲ್ಲಿ 1906ರಲ್ಲಿ ತೆರೆದ ಗಣಿ ಆರಂಭಿಸಿ, ಇಷ್ಟು ಬಡ ಅದಿರನ್ನೂ ಭಾರಿ ಯಂತ್ರಗಳ ನೆರವಿನಿಂದ ಲಾಭದಲ್ಲಿ ತೆಗೆಯಬಹುದೆಂದು ತೋರಿಸಿಕೊಟ್ಟವರು ಡೇನಿಯಲ್ ಜ್ಯಾಕ್ಲಿಂಗ್. ಆ ಗಣಿ ಈಗ 1.2 ಕಿಲೋಮೀಟರಿಗಿಂತ ಆಳವಾಗಿದೆ.

ಬಿಸಿನೀರು ಶಿಲೆಯ ಎಲ್ಲೆ ದಾಟಿ ಸುತ್ತಲೂ ಹರಡಿದರೆ ಬೇರೆ ಬೇರೆ ಲೋಹಗಳು ಬೇರೆ ಬೇರೆ ದೂರದಲ್ಲಿ ಉಳಿಯುತ್ತವೆ. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಗ್ರಾನೈಟಿನ ಒಳಗೂ ಅಂಚಿಗೂ ತವರ, ಅದರಾಚೆ ತಾಮ್ರ, ಇನ್ನೂ ಆಚೆ ಸೀಸ ಮತ್ತು ಸತು ಎಂಬ ವಲಯಗಳನ್ನು ಗಣಿಗಾರರು ವಿಜ್ಞಾನಿಗಳಿಗಿಂತ ಮೊದಲೇ ಅರಿತಿದ್ದರು. ಅಕ್ಕಪಕ್ಕದಲ್ಲಿ ಸುಣ್ಣಕಲ್ಲು ಸಿಕ್ಕರೆ ಅದು ದ್ರವದೊಡನೆ ರಾಸಾಯನಿಕವಾಗಿ ವರ್ತಿಸಿ ಸ್ಕಾರ್ನ್ ಎಂಬ ಶಿಲೆಯಾಗುತ್ತದೆ. ಟಂಗ್‌ಸ್ಟನ್, ಕಬ್ಬಿಣ, ತಾಮ್ರ ಅದರಲ್ಲಿ ಸಿಗುವುದುಂಟು. ಭಾರತದಲ್ಲಿ ಗ್ರಾನೈಟಿನೊಡನೆ ನಂಟುಳ್ಳ ನಿಕ್ಷೇಪಗಳಿಗೆ ರಾಜಸ್ಥಾನದ ಡೇಗಾನಾದ ಟಂಗ್‌ಸ್ಟನ್ ಮತ್ತು ಮಧ್ಯಪ್ರದೇಶದ ಬಾಲಾಘಾಟ್ ಜಿಲ್ಲೆಯ ಮಲಾಂಜ್‌ಖಂಡದ ತಾಮ್ರ ಒಳ್ಳೆಯ ಉದಾಹರಣೆಗಳು. ಹಿಂದೂಸ್ತಾನ್ ಕಾಪರ್ ಸಂಸ್ಥೆ 1982ರಿಂದ ನಡೆಸುತ್ತಿರುವ ಮಲಾಂಜ್‌ಖಂಡದ ಗಣಿಯ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದನ್ನು ಪಾರ್ಫಿರಿ ಎನ್ನಬೇಕೇ ಬೇಡವೇ ಎಂಬುದರಲ್ಲಿ ಭೂವಿಜ್ಞಾನಿಗಳಿಗೆ ಒಮ್ಮತವಿಲ್ಲ.

ರಾಮನಗರದ ಗ್ರಾನೈಟಿನ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಪ್ರಸಿದ್ಧವಾದ ಅದು ಉತ್ತರ-ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಚಾಚಿದೆ. ಅಲ್ಲಿ ಲೋಹದ ಗಣಿ ಇಲ್ಲದಿರುವುದಕ್ಕೆ ನಾನು ಮುಂದಿಡುವ ಮುಖ್ಯ ಕಾರಣ ಆಳ. ಮೇಲೆ ಹೇಳಿದ ಬಿಸಿನೀರಿನ ವ್ಯವಹಾರವೆಲ್ಲ ನೆಲದಡಿಯ ಮೊದಲ ಕೆಲವು ಕಿಲೋಮೀಟರುಗಳಲ್ಲಿ, ಶಿಲಾಪಾಕದ ನೆತ್ತಿಯಲ್ಲಿ ನಡೆಯುತ್ತದೆ. ಕ್ಲೋಸ್‌ಪೇಟ್ ಗ್ರಾನೈಟಿನ ದಕ್ಷಿಣ ಭಾಗದಲ್ಲಿ ಈಗ ನಮಗೆ ಕಾಣುವುದು ಒಂದು ಕಾಲಕ್ಕೆ ಸುಮಾರು 20 ಕಿಲೋಮೀಟರ್ ಆಳದಲ್ಲಿದ್ದ ಬೇರಿನ ಭಾಗ. ಮೇಲಿದ್ದ ಶಿಲೆಯೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋಗಿದೆ. ಉತ್ತರಕ್ಕೆ ಹೋದಂತೆ ಆಳ ಕಡಿಮೆಯಾದರೂ ನೆತ್ತಿ ಅಲ್ಲಿಯೂ ಉಳಿದಿಲ್ಲ. ಹಿಂದೆ ನೆತ್ತಿಯಲ್ಲಿ ಅದಿರು ಇದ್ದಿದ್ದರೂ ಅದು ಸವೆತದಲ್ಲಿ ಕೊಚ್ಚಿಹೋಗಿರುತ್ತದೆ. ಜಗತ್ತಿನ ಪಾರ್ಫಿರಿ ತಾಮ್ರದ ಬಹುಪಾಲು ಕಳೆದ ಇಪ್ಪತ್ತೈದು ಕೋಟಿ ವರ್ಷಗಳೊಳಗಿನದು ಆಗಿರುವುದಕ್ಕೂ ಇದೇ ಮುಖ್ಯ ಕಾರಣ. ಮಲಾಂಜ್‌ಖಂಡದಂತಹದು ಇಷ್ಟು ಕಾಲ ಉಳಿದದ್ದೇ ಅಪರೂಪ.

ಪ್ರಶ್ನೆ: ಹಾಗಾದರೆ ಕೋಲಾರದ ಚಿನ್ನವನ್ನು ತಂದದ್ದೂ ಗ್ರಾನೈಟಿನ ಬಿಸಿನೀರೇ? ಅಲ್ಲಿಗೆ ಕಾರ್ನ್‌ವಾಲಿನಿಂದ ಗಣಿಗಾರರು ಬಂದಿದ್ದರು ಎಂದು ಕೇಳಿದ್ದೇನೆ.

ಉತ್ತರ: ಕೇಳಿದ್ದು ಸರಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳ ಹೊಣೆ ವಹಿಸಿಕೊಂಡ ಮೇಲೆ ಕಾರ್ನ್‌ವಾಲಿನ ಅನುಭವಿ ಗಣಿಗಾರರು ಅಲ್ಲಿ ಕೆಲಸಕ್ಕೆ ಬಂದರು. ಆದರೆ ತಮ್ಮ ಊರಿನಲ್ಲಿ ಅವರು ಬೆನ್ನಟ್ಟಿದ್ದ ತವರದ ಪಟ್ಟೆಗಳಿಗೂ ಕೋಲಾರದ ಬೆಣಚುಕಲ್ಲಿನ ಪಟ್ಟೆಗಳಿಗೂ ಹುಟ್ಟಿನಲ್ಲಿ ವ್ಯತ್ಯಾಸವಿದೆ. ಕೋಲಾರದ ಚಿನ್ನ ಇರುವುದು ಗ್ರಾನೈಟಿನಲ್ಲಲ್ಲ, ಹಳೆಯ ಲಾವಾ ಮಾರ್ಪಟ್ಟು ಆದ ಆಂಫಿಬೊಲೈಟಿನಲ್ಲಿ. ಶಿಲಾಸ್ತರಗಳು ಆಳದಲ್ಲಿ ಕಾದು ಒತ್ತಡಕ್ಕೆ ಸಿಕ್ಕಿ ರೂಪಾಂತರ ಹೊಂದುವಾಗ ಅವುಗಳ ಖನಿಜಗಳಿಂದಲೇ ಬಿಡುಗಡೆಯಾದ ನೀರು ಚಿನ್ನವನ್ನು ಹೊತ್ತು ಬಿರುಕುಗಳ ಗುಂಟ ಏರಿತು ಎಂಬುದು ಇಂದು ಹೆಚ್ಚಾಗಿ ಒಪ್ಪಿತವಾದ ಮಾತು. ಪಕ್ಕದ ಗ್ರಾನೈಟ್‌ಗಳ ಪಾಲೂ ಇತ್ತೆಂದು ವಾದಿಸುವವರು ಇದ್ದಾರೆ. ಆದರೆ ಅಲ್ಲಿನ ಚಾಂಪಿಯನ್ ರೀಫ್ ಎಂಬ ಚಿನ್ನದ ಪಟ್ಟೆ ಮೂರು ಕಿಲೋಮೀಟರಿಗಿಂತ ಆಳದವರೆಗೂ ಗುಣ ಬದಲಿಸದೆ ಸಾಗಿರುವುದನ್ನು ನೋಡಿದರೆ, ದೂರ ಹೋದಂತೆ ಲೋಹ ಬದಲಾಗುವ ಕಾರ್ನ್‌ವಾಲಿನ ಮಾದರಿ ಇಲ್ಲಿ ಹೊಂದುವುದಿಲ್ಲ ಎಂದೇ ನನಗೆ ತೋರುತ್ತದೆ.

ಪ್ರಶ್ನೆ: ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ದೊರೆತಿದೆ ಎಂಬ ಸುದ್ದಿ ಓದಿದೆ. ಅದು ಯಾವ ಬಗೆಗೆ ಸೇರಿದ್ದು, ಗಣಿ ಆಗಬಹುದೇ?

ಉತ್ತರ: ಅದು ಪೆಗ್ಮಟೈಟ್ ಎಂಬ ಶಿಲೆಯಲ್ಲಿದೆ. ಗ್ರಾನೈಟ್ ಶಿಲಾಪಾಕದ ಬಹುಭಾಗ ಹರಳುಗಟ್ಟಿದ ಮೇಲೆ ಕೊನೆಗೆ ಉಳಿಯುವ ದ್ರವದಲ್ಲಿ, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಹರಳುಗಳಲ್ಲಿ ಎಡೆ ಸಿಗದ ಲಿಥಿಯಂ, ಬೆರಿಲಿಯಂ, ಟ್ಯಾಂಟಲಂನಂತಹ ಧಾತುಗಳು ಸೇರಿಕೊಳ್ಳುತ್ತವೆ. ಆ ದ್ರವ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದಾಗ ಗೇಣುದ್ದದ, ಕೆಲವೊಮ್ಮೆ ಆಳೆತ್ತರದ ಹರಳುಗಳುಳ್ಳ ಪೆಗ್ಮಟೈಟ್ ಆಗುತ್ತದೆ. ಲಿಥಿಯಂ ಅಲ್ಲಿ ಮುಖ್ಯವಾಗಿ ಸ್ಪೊಡ್ಯುಮೀನ್ ಎಂಬ ಖನಿಜದಲ್ಲಿರುತ್ತದೆ.

ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಸಮೀಕ್ಷೆ ನಡೆಸಿದೆ. 2020ರಲ್ಲಿ ಪತ್ರಿಕೆಗಳಲ್ಲಿ 14,100 ಟನ್ ಎಂಬ ಅಂದಾಜು ಬಂದಿತ್ತು. 2021ರಲ್ಲಿ ಕೇಂದ್ರ ಸರ್ಕಾರ ತಿಳಿಸಿದ ಅಂಕಿ 1,600 ಟನ್. ಅದೂ ಸಹ ಮೇಲ್ಮೈ ಸಮೀಕ್ಷೆ ಮತ್ತು ಸೀಮಿತ ಭೂಗರ್ಭ ಶೋಧನೆಯಿಂದ ಊಹಿಸಿದ ಸಂಪನ್ಮೂಲ. ಅದನ್ನು ಗಣಿಗೆ ಸಿದ್ಧವಾದ ಅದಿರು ಎಂದು ಓದಿಕೊಳ್ಳಬಾರದು. ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಷಸ್ ಪೆಗ್ಮಟೈಟಿನಲ್ಲಿ 1888ರಲ್ಲಿ ತವರದ ಗಣಿಗಾರಿಕೆ ಶುರುವಾಗಿ, ಆಮೇಲೆ ಟ್ಯಾಂಟಲಂ ಸಿಕ್ಕು, ಲಿಥಿಯಂ ತೆಗೆಯತೊಡಗಿದ್ದು ಸುಮಾರು ಒಂದು ಶತಮಾನದ ನಂತರ. ಮರಳಗಾಲದಲ್ಲಿ ಸಾಕಷ್ಟು ಕಡೆ ಆಳಕ್ಕೆ ಕೊರೆದು, ಪೆಗ್ಮಟೈಟಿನ ಪಟ್ಟೆಗಳು ನೆಲದಡಿ ಎಷ್ಟು ದಪ್ಪಕ್ಕೆ, ಎಷ್ಟು ದೂರಕ್ಕೆ ಮುಂದುವರಿಯುತ್ತವೆ ಎಂಬುದು ತಿಳಿಯುವವರೆಗೆ ಗಣಿಯ ಲಾಭನಷ್ಟದ ಲೆಕ್ಕ ಹಾಕುವಂತಿಲ್ಲ.