ಇಸಿಯು ಬದಲಿಸುವ ಮೊದಲು ಟ್ಯಾಂಕ್ ನೋಡಿ

ಒಂಬತ್ತು ವರ್ಷ ಶೆಡ್ಡಿನಲ್ಲಿದ್ದ ಮಾರುತಿ ಜಿಪ್ಸಿಯ ಕಾರ್ಬುರೇಟರ್ ತೆಗೆದು ಎಂಪಿಎಫ್ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಕೂರಿಸಿದ್ದೀರಿ. ಸ್ಟಾರ್ಟರ್ ತಿರುಗಿದರೂ ಎಂಜಿನ್ ಚಾಲೂ ಆಗುತ್ತಿಲ್ಲ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ.

ಮೊದಲು ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ, ಟ್ಯಾಂಕಿನ ಒಳಗೆ ಟಾರ್ಚ್ ಹಾಕಿ ನೋಡಿ. ತುಕ್ಕಿನ ಪುಡಿ ಇಂಜೆಕ್ಟರ್‌ಗೆ ಹೋದರೆ ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನಂತೂ ಉಳಿಸಿಕೊಳ್ಳಲೇಬೇಡಿ. ಕಾರ್ಬುರೇಟರ್‌ಗೆ ಅರ್ಧ ಬಾರ್‌ಗಿಂತ ಕಡಿಮೆ ಒತ್ತಡ ಸಾಕಿತ್ತು. ಇಂಜೆಕ್ಷನ್‌ಗೆ ಸುಮಾರು 3 ಬಾರ್ ಬೇಕು. ಬಿಸಿ ಎಂಜಿನ್ ಮೇಲೆ ಹಳೆಯ ಕೊಳವೆ ಒಡೆದರೆ ಬೆಂಕಿಯೇ.

ನಂತರ ಕೀಲಿ ಆನ್ ಮಾಡಿ ಕಿವಿಗೊಡಿ: ಇಂಧನ ಪಂಪ್ ಎರಡು ಮೂರು ಸೆಕೆಂಡ್ ಗುಂಯ್‌ಗುಡಬೇಕು. ಸದ್ದಿಲ್ಲವಾದರೆ ಫ್ಯೂಸ್, ರಿಲೇ, ಅರ್ಥ್ ತಂತಿ ಪರೀಕ್ಷಿಸಿ. ನನ್ನ ಗಾಡಿಯಲ್ಲಿ ಬಣ್ಣದ ಮೇಲೆಯೇ ಬಿಗಿದಿದ್ದ ಅರ್ಥ್, ಲೋಹಕ್ಕೆ ತಾಗದೆ, ತಿಂಗಳುಗಟ್ಟಲೆ ಕಾಡಿತ್ತು.